ಮುಟ್ಟದೆ ಇಟ್ಟ ಕಾಫಿ

"ಕಾಫಿ ಕಾಯಿಸ್ತಿದ್ದೀಯೋ, ನಿಮ್ಮಪ್ಪನ ಗೋರಿ ಕಾಯ್ತಿದ್ದೀಯೋ? ಸಾಲಾಗಿ ನಾಲ್ಕು ಹೆಣ್ಣು ಉದುರಿಸಿದ್ದೇ ಬಂತು, ಹಾಳು ಮುಂಡೆ! ಕೈ ಆಡಿಸು!"

ಅಡುಗೆಮನೆಯ ಬಾಗಿಲಲ್ಲಿ ಅತ್ತೆ ವಿದಾದ್. ಕಿಫಾಯಾ ಉಕ್ಕಿದ ಕಾಫಿ ಇಳಿಸಿ, ಏಲಕ್ಕಿ ಉದುರಿಸಿ, ಮತ್ತೆ ಒಲೆಗಿಟ್ಟಳು. ಬೆಳಗಿನಿಂದ ನೆಂಟರ ಊಟಕ್ಕೆ ದ್ರಾಕ್ಷಿ ಎಲೆಯಲ್ಲಿ ಅಕ್ಕಿ ತುಂಬಿ ಸುತ್ತಿ ಬೆರಳುಗಳು ಸೆಟೆದಿದ್ದವು.

ತವರಿನಲ್ಲಿ ಐದನೆಯವಳಾಗಿ ಅವಳೂ ಹೆಣ್ಣೇ ಹುಟ್ಟಿದಾಗ ಅಪ್ಪ ಇಟ್ಟ ಹೆಸರು ಅದು. ಅವರ ಮಾತಿನಲ್ಲಿ ಕಿಫಾಯಾ ಎಂದರೆ 'ಸಾಕು' ಎಂದರ್ಥ. ರಮಲ್ಲಾ ಹತ್ತಿರದ ಹಳ್ಳಿಯಿಂದ ಕಡಲಾಚೆಯ ಪ್ಯಾಟರ್‌ಸನ್ ನಗರದ ಈ ಮೂರನೇ ಮಹಡಿಯವರೆಗೂ ಎಲ್ಲರೂ ಅವಳನ್ನು ಹಾಗೆಯೇ ಕೂಗಿದ್ದರು.

"ಯಮ್ಮಾ, ಕಾಲೇಜಿನ ಕಾಗದ ಎಲ್ಲಿ?" ಹದಿನೇಳರ ಮಗಳು ತಹಾನಿ ಪಿಸುಗುಟ್ಟಿದಳು.

"ಅಕ್ಕಿ ಡಬ್ಬದಲ್ಲಿ."

"ಅಪ್ಪ ಇವತ್ತೇ ಮಾತು ಕೊಟ್ಟುಬಿಟ್ರೆ?"

ಅತ್ತೆಗೆ ಕೇಳಿಸಿತು. "ಕೊಡ್ಲಿ. ನನ್ನನ್ನೂ ಹಿಂಗೇ ಕೊಟ್ಟಿದ್ದು. ನಾನೇನು ಸತ್ತೋದ್ನಾ?"

ಕಿಫಾಯಾ ಆರು ಬಟ್ಟಲು ತುಂಬಿ, ತಟ್ಟೆಯನ್ನು ತಾನೇ ಒಯ್ದು ಮೇಜಿನ ಮೇಲಿಟ್ಟು, ಬಾಗಿಲ ಹಿಂದೆ ನಿಂತಳು. ಹೊರಗೆ ಆರು ಗಂಡಸರು. ಮೂವತ್ತೊಂದರ ವರ ಫೋನು ನೋಡುತ್ತಿದ್ದ. ವರನ ದೊಡ್ಡಪ್ಪ ಬಟ್ಟಲೆತ್ತಿ, ವಾಸನೆ ನೋಡಿ, ಹಾಗೇ ಕೆಳಗಿಟ್ಟ.

"ಕೇಳಕ್ಕೆ ಬಂದಿದ್ದೀವಿ, ಜವ್ದತ್. ಕೊಡೋವರೆಗೂ ನಿಮ್ಮನೆ ಕಾಫಿ ಮುಟ್ಟಲ್ಲ. ನಾಲ್ಕು ಹೊರೆ ಹೊತ್ತಿದ್ದೀಯ, ಒಂದನ್ನ ನಮ್ಮ ತಲೆಗೆ ಹಾಕು ಮಾರಾಯ!"

ಎಲ್ಲರೂ ನಕ್ಕರು. ಅವಳ ಗಂಡ ಜವ್ದತ್ ಕೂಡ ನಕ್ಕ.

ಹತ್ತೊಂಬತ್ತು ವರ್ಷದ ಹಿಂದೆ ಅವಳು ಹೀಗೆಯೇ ಬಾಗಿಲ ಹಿಂದೆ ನಿಂತಿದ್ದಳು. 'ಕಾಫಿ ಕುಡೀರಿ' ಎಂದಿದ್ದ ಅಪ್ಪ. ಅಷ್ಟಕ್ಕೇ ಅವಳನ್ನು ಕೊಟ್ಟು ಮುಗಿದಿತ್ತು. ಆ ಮಾತಿನಲ್ಲಿ ಅವಳ ಹೆಸರೂ ಇರಲಿಲ್ಲ.

"ನೀವು ಬಂದಿದ್ದೇ ನಮ್ಮ ಭಾಗ್ಯ." ಜವ್ದತ್ ಗಂಟಲು ಸರಿಮಾಡಿಕೊಂಡ. "ಕಾಫಿ..."

ಕಿಫಾಯಾ ಹೊಸ್ತಿಲು ದಾಟಿದಳು. ದೊಡ್ಡಪ್ಪನ ಮುಂದಿನ ಬಟ್ಟಲೆತ್ತಿ ಒಂದೇ ಗುಟುಕಿಗೆ ಕುಡಿದಳು. ನಾಲಿಗೆ ಸುಟ್ಟಿತು. ಬಟ್ಟಲನ್ನು ಬೋರಲು ಹಾಕಿದಳು. ಗಸಿ ಬಿಳಿ ಮೇಜುಬಟ್ಟೆಯ ಮೇಲೆ ಹರಿಯಿತು.

"ಏನಯ್ಯಾ ಇದು, ನಿನ್ನ ಹೆಂಡ್ತಿಗೆ ಹುಚ್ಚಾ?" ದೊಡ್ಡಪ್ಪ ಎದ್ದು ನಿಂತ.

ಜವ್ದತ್ ಕಿರುಚಿದ: "ಕಿಫಾಯಾ!"

"ಹೂಂ," ಎಂದಳು. "ನಾನೂ ಅದನ್ನೇ ಹೇಳ್ತಿರೋದು."

ಒಳಗೆ ಅಕ್ಕಿ ಡಬ್ಬದ ಮುಚ್ಚಳ ತೆರೆದ ಸದ್ದಾಯಿತು. ಜವ್ದತ್‌ನ ಕೈ ಸೊಂಟದ ಬೆಲ್ಟಿಗೆ ಹೋಯಿತು. ಅವಳು ಎರಡನೆಯ ಬಟ್ಟಲಿಗೆ ಕೈ ಚಾಚಿದಳು. ಇನ್ನೂ ಐದು ತುಂಬಿದ್ದವು.