ಸಗರದ ಕ್ಲಬ್ಬಿಗೆ ಬ್ರೆಜಿಲ್ಲಿನ ಇತಿಹಾಸ

ನಮ್ಮ ಸಗರದ ಹುಡುಗಿಯರ ಫುಟ್‌ಬಾಲ್ ಕ್ಲಬ್ಬಿಗೆ ಇನ್ನೂ ಎಂಟು ತಿಂಗಳು. ಇಷ್ಟರಲ್ಲೇ ಅದಕ್ಕೆಂಥ ಇತಿಹಾಸ? ಆದರೆ ಯಾದಗಿರಿಯ ಟೂರ್ನಮೆಂಟಿನವರು ಅರ್ಜಿಯ ಜೊತೆ ಒಂದು ಪುಟ 'ಕ್ಲಬ್ಬಿನ ಇತಿಹಾಸ' ಲಗತ್ತಿಸಲೇಬೇಕು ಅಂದರು. ಇಲ್ಲದಿದ್ದರೆ ಹೆಸರು ಬರೆದುಕೊಳ್ಳುವುದಿಲ್ಲವಂತೆ.

ಶಹಾಪುರದ ಟೈಪಿಂಗ್ ಅಂಗಡಿಯಲ್ಲಿ ಅಜೀಮನಿಗೆ ಎರಡು ಸಾಲು ಹೇಳಿದೆ.

"ಎರಡು ಸಾಲಿಗೆ ಯಾರು ಕಿಮ್ಮತ್ ಕೊಡ್ತಾರ್ರಿ ಪಂಚಶೀಲಾ ಟೀಚರ್? ನಾ ಛಲೋ ಮಾಡಿ ಕೊಡ್ತೀನಿ" ಅಂದ.

ಬಸ್ಸು ಹೊರಟಿತ್ತು, ಓದದೆ ಸಹಿ ಹಾಕಿದೆ. ಪುಣ್ಯಾತ್ಮ ಬ್ರೆಜಿಲ್ಲಿನ ಯಾವುದೋ ಮಹಿಳಾ ಕ್ಲಬ್ಬಿನ ಇತಿಹಾಸವನ್ನು ನೆಟ್ಟಿನಿಂದ ಎತ್ತಿ, ಕನ್ನಡಕ್ಕೆ ತಿರುಗಿಸಿ, ಊರಿನ ಹೆಸರಿದ್ದಲ್ಲೆಲ್ಲ ಸಗರ ಅಂತ ಹಾಕಿದ್ದ.

ಅರ್ಜಿ ಓದುವ ಗುಮಾಸ್ತನನ್ನು ನಾನು ಜನ್ಮದಲ್ಲಿ ಕಂಡಿರಲಿಲ್ಲ, ಅವತ್ತೇ ಕಾಣಬೇಕೇ? ಯಾದಗಿರಿಯ ಆಫೀಸಿನಲ್ಲಿ ಟೂರ್ನಮೆಂಟಿನ ಗುಮಾಸ್ತ ವಿಶ್ವರಾಧ್ಯ ಪ್ರತಿ ಸಾಲಿಗೂ ಬೆರಳಿಟ್ಟು ಓದಿದ. ಸಗರದ ಹುಡುಗಿಯರು ಸಮುದ್ರದ ದಂಡೆಯಲ್ಲಿ ಅಭ್ಯಾಸ ಮಾಡಿದ್ದಕ್ಕೆ ಅವನ ತಕರಾರಿರಲಿಲ್ಲ. 1941ರಿಂದ 1979ರವರೆಗೆ ಸರ್ಕಾರ ಹೆಂಗಸರ ಫುಟ್‌ಬಾಲನ್ನು ನಿಷೇಧಿಸಿತ್ತು ಎಂಬಲ್ಲಿ ಬೆರಳು ನಿಂತಿತು.

"ನಿಷೇಧದ ಆದೇಶದ ಕಾಪಿ ಎಲ್ಲದ್ರಿ? ರದ್ದು ಮಾಡಿದ್ದು?"

"ಅದು ಬ್ರೆಜಿಲ್ಲಿಂದು ಸರ್, ನಮ್ದಲ್ಲ. ಟೈಪಿಂಗಿನವ ತಪ್ಪ ಮಾಡ್ಯಾನ."

"ಯಾವ ದೇಶದ್ದರ ಇರ್ಲಿ, ಆದೇಶ ಅಂದಮ್ಯಾಲ ಕಾಪಿ ಇರ್ಬೇಕು. ಇಲ್ಲಾಂದ್ರ ಹುಡುಗ್ಯಾರ ಆಟಕ್ಕ ಅಡ್ಡಿ ಇಲ್ಲಂತ ನಿಮ್ಮೂರ ಮೈದಾನದ ಕಮಿಟಿಯಿಂದ ಬರ್ಸ್ಕೊಂಡು ಬರ್ರಿ. ನಾಳಿಗೆ ಕಡೀ ದಿನ."

ನನಗೆ ಮೈಯೆಲ್ಲ ಉರಿಯಿತು. ಅಡ್ಡಿ ಇದ್ದದ್ದೇ ಅಲ್ಲಿ. ಕಮಿಟಿಯ ಅಧ್ಯಕ್ಷ ಭಗವಂತರಾಯರು ಹದಿನೈದು ದಿನದ ಹಿಂದೆ ಎಲೆಅಡಿಕೆ ಜಗಿಯುತ್ತ, "ಹೆಣ್ಣುಹುಡುಗ್ಯಾರು ಚಡ್ಡಿ ಹಾಕ್ಕೊಂಡು ಇಲ್ಲಿ ಆಡಬಾರ್ದು" ಅಂದಿದ್ದರು. ಅವತ್ತಿನಿಂದ ನಮ್ಮ ಹುಡುಗಿಯರು ಚೆಂಡು ಮುಟ್ಟಿಲ್ಲ. ನಾನು ನಾಲ್ಕು ಸಲ ಹೋಗಿ ಬೇಡಿಕೊಂಡದ್ದೂ ದಂಡವಾಗಿತ್ತು.

ವಾಪಸು ಬಸ್ಸಿನಲ್ಲಿ ಆ ಹಾಳು ಪುಟವನ್ನೇ ಓದುತ್ತ ಕೂತೆ. ಬ್ರೆಜಿಲ್ಲಿನವರು ಕನಿಷ್ಠ ಬರೆದು ನಿಷೇಧಿಸಿದ್ದರು. ಬರೆದದ್ದಾದ್ದರಿಂದ ಒಂದು ದಿನ ಅದನ್ನು ತೆಗೆದುಹಾಕಲೂ ಆಯಿತು. ನಮ್ಮದು ಬರೀ ಬಾಯಿಮಾತು. ಇಲ್ಲದ ಕಾಗದವನ್ನು ಯಾರು ರದ್ದು ಮಾಡಬೇಕು?

ಬಸ್ಸಿಳಿದವಳೇ ಮನೆಗೂ ಹೋಗದೆ ಭಗವಂತರಾಯರ ಕಟ್ಟೆಗೆ ನಡೆದೆ. ಸುದ್ದಿ ಕೇಳಲು ಕಾದಿದ್ದ ಹುಡುಗಿಯರೆಲ್ಲ ಬೆನ್ನಿಗೆ ಬಂದರು. ಬಿಳಿ ಹಾಳೆ, ಪೆನ್ನು ಅವರ ಮುಂದಿಟ್ಟೆ.

"ಬರ್ದು ಕೊಡ್ರಿ ಸಾವ್ಕಾರ್ರ."

"ಏನಂತ?"

"ಹೆಣ್ಣುಹುಡುಗ್ಯಾರು ಆಡಬಾರ್ದಂತ. ತಾರೀಖು, ಸಹಿ, ಸಿಕ್ಕಾ. ಯಾದಗಿರಿಯಾಗ ಆದೇಶದ ಕಾಪಿ ಕೇಳಾಕತ್ತಾರ."

ಅವರು ಪೆನ್ನು ಹಿಡಿದರು. ಹಾಳೆಯನ್ನು ನೋಡಿದರು, ಹುಡುಗಿಯರನ್ನು ನೋಡಿದರು.

"ಇದನ್ನ ಯಾರ್ಯಾರು ನೋಡ್ತಾರ?"

"ಎಲ್ಲಾರೂ ನೋಡ್ತಾರ್ರಿ. ನಿಮ್ಮ ಹೆಸರಿಲೆ ಫೈಲಿನ್ಯಾಗ ಇರ್ತದ."

ಪೆನ್ನು ಅಲ್ಲೇ ನಿಂತಿತು. "ನಾ ಎಲ್ಲಿ ಬ್ಯಾಡ ಅಂದೀನಿ, ಟೀಚರ್?"

"ಹಂಗಾರ ಅದನ್ನ ಬರೀರಿ."

ಬರೆದರು. ಕಮಿಟಿಯ ಸಿಕ್ಕಾ ಒತ್ತಿದರು, ಮೊಹರು ಮಸುಕಾಗಿತ್ತು. ಮತ್ತೊಮ್ಮೆ ಒತ್ತಿಸಿಕೊಂಡೆ.

ಮರುದಿನ ಇತಿಹಾಸವನ್ನು ನಾನೇ ಕೈಯಾರೆ ಬರೆದು ಒಯ್ದೆ: 'ಕ್ಲಬ್ ಶುರುವಾಗಿ ಎಂಟು ತಿಂಗಳು. ನಡುವೆ ಹದಿನೈದು ದಿನ ನಿಷೇಧವಿತ್ತು. ತೆರವಾದ ಪತ್ರ ಲಗತ್ತಿಸಿದೆ.'

ವಿಶ್ವರಾಧ್ಯ ಅದಕ್ಕೂ ಬೆರಳಿಟ್ಟ. "ನಿಷೇಧದ ಕಾಪಿ?"

"ಅದನ್ನ ಬರ್ಯಾಕ ಅವರಿಗೆ ಧೈರ್ಯ ಆಗಲಿಲ್ರಿ."

ಅವನು ನನ್ನ ಮುಖ ನೋಡಿದ. ಆಮೇಲೆ ನಮ್ಮ ಹೆಸರು ಬರೆದುಕೊಂಡ.