ಖಡಕ್ ಇಸ್ತ್ರಿಯ ಪಾಯಜಾಮಾ

ನಮ್ಮೂರು ಹೂಲಿಯಲ್ಲಿ ನನ್ನ ಪಾಯಜಾಮಾದಷ್ಟು ಬಿಳಿಯ ಬಟ್ಟೆ ಇನ್ನೊಂದಿಲ್ಲ. ಇದನ್ನು ಜಂಬ ಎನ್ನುವವರು ಎನ್ನಲಿ. ಸುಳ್ಳು ಎನ್ನುವವರು ಮಾತ್ರ ನನ್ನ ಎದುರಿಗೆ ಬಂದು ಹೇಳಲಿ. ನನ್ನ ಹೆಂಡತಿ ಪದ್ಮವ್ವ ನೀಲಿ ಹಾಕಿ ತೊಳೆದು, ಗಂಜಿಯಲ್ಲಿ ಅದ್ದಿ ಒಣಹಾಕುತ್ತಾಳೆ. ಇಸ್ತ್ರಿ ಮಾತ್ರ ನಾನೇ ಮಾಡಬೇಕು, ಇನ್ನೊಬ್ಬರು ಮುಟ್ಟುವ ಹಾಗಿಲ್ಲ. ಊರು ಬಿಟ್ಟು ಹೊರಟರೆ ಕೈಚೀಲದಲ್ಲಿ ಇನ್ನೊಂದು ಪಾಯಜಾಮಾ ಮಡಿಸಿ ಇಟ್ಟುಕೊಂಡೇ ಬಸ್ ಹತ್ತುತ್ತೇನೆ. ಒಮ್ಮೆ ಮನೋಳಿ ಬಸ್ಸಿನಲ್ಲಿ ಯಾರೋ ಪುಣ್ಯಾತ್ಮ ಉಗುಳಿದ ಎಲೆಅಡಿಕೆ ನನ್ನ ಮೊಣಕಾಲಿಗೆ ಸಿಡಿದಿತ್ತು. ಅಂದಿನಿಂದ ಈ ರೂಢಿ.

ಇಷ್ಟೇಕೆ ಎಂದರೆ ಕಾರಣವಿದೆ. ಏಳನೇ ಇಯತ್ತೆ ಪಾಸಾಗಿ, ನಾಲ್ಕು ಹರದಾರಿ ನಡೆದು ನಾನು ಹೈಸ್ಕೂಲು ಸೇರಲು ಹೋಗಿದ್ದೆ. ಹೆಡ್‌ಮಾಸ್ತರರು ಬಾಗಿಲಲ್ಲಿ ನಿಂತು ನನ್ನ ತೇಪೆ ಹಚ್ಚಿದ ಚಡ್ಡಿಯನ್ನು ನೋಡಿದರು. "ಚಡ್ಡಿ ಇಲ್ಲಿ ನಡ್ಯೂದಿಲ್ಲ. ಮನಿಗಿ ಹೋಗು, ಪಾಯಜಾಮಾ ಹಾಕ್ಕೊಂಡ ಬಾ" ಎಂದರು. ಮನೆಯಲ್ಲಿ ಪಾಯಜಾಮಾ ಇರಲಿಲ್ಲ. ಸುಗ್ಗಿ ಮುಗಿಯಲಿ, ಹೊಲಿಸೋಣ ಎಂದ ಅಪ್ಪ. ಸುಗ್ಗಿ ಮುಗಿಯಿತು, ಮತ್ತೆ ಬಿತ್ತಿಗೆ ಬಂತು, ನನ್ನ ಕೈಗೆ ಎತ್ತಿನ ಹಗ್ಗ ಬಂತು. ಆ ಬಾಗಿಲೊಳಗೆ ನಾನು ಕಾಲಿಡಲೇ ಇಲ್ಲ. ಇದಾಗಿ ಐವತ್ತೈದು ವರ್ಷವಾಯಿತು.

ಈಗ ನನ್ನ ಮೊಮ್ಮಗಳು ಪ್ರಣಿತಾ ಸವದತ್ತಿಯಲ್ಲಿ ಬಿ.ಎಸ್ಸಿ. ಎರಡನೇ ವರ್ಷ. ಅವಳಪ್ಪ, ಅಂದರೆ ನನ್ನ ಮಗ ಸುಭಾಸ, ಹತ್ತನೇ ಇಯತ್ತೆಯ ಗಣಿತಕ್ಕೆ ದೂರದಿಂದಲೇ ಕೈಮುಗಿದವನು. ನಮ್ಮ ಮನೆತನದಲ್ಲಿ ಕಾಲೇಜು ಕಂಡವಳು ಇವಳೊಬ್ಬಳೇ. ಹೋದ ತಿಂಗಳು ಒಂದು ದಿನ ಬೆಳಿಗ್ಗೆ ಒಂಬತ್ತೂವರೆಗೆ ಅವಳ ಫೋನ್ ಬಂತು.

"ಅಜ್ಜಾ, ನನ್ನ ಕ್ಲಾಸಿನಿಂದ ಹೊರಗ ಹಾಕ್ಯಾರ. ಪಾಯಜಾಮಾ ಹಾಕ್ಕೊಂಡ ಬಂದೀ ಅಂತ."

"ಏನ ಹಾಕ್ಕೊಂಡ ಬಂದೀ ಅಂತ?"

"ಪಾಯಜಾಮಾ. ಹಿರ್ಯಾರನ್ನ ಕರಕೊಂಡ ಬಾ ಅಂದಾರ. ಹನ್ನೆರಡಕ್ಕ ಟೆಸ್ಟ್ ಐತಿ ಅಜ್ಜಾ. ಇವತ್ತ ಬರೀಲಿಲ್ಲಂದ್ರ ಮುಂದಿನ ಪರೀಕ್ಷಾಕ್ಕ ಕುಂಡ್ರಸೂದಿಲ್ಲ."

ನನ್ನ ತಲೆ ಗಿರ್ರೆಂದಿತು. ಅಂದು ಪಾಯಜಾಮಾ ಇಲ್ಲವೆಂದು ನನ್ನನ್ನು ಹೊರಗೆ ಹಾಕಿದರು. ಇಂದು ಪಾಯಜಾಮಾ ಹಾಕಿಕೊಂಡಳೆಂದು ನನ್ನ ಮೊಮ್ಮಗಳನ್ನು ಹೊರಗೆ ಹಾಕುತ್ತಾರೆ. ಏನೆಂದು ತಿಳಿದಿದ್ದಾರೆ ಈ ಜನ ನಮ್ಮನ್ನು? ಹುಡುಗಿ ಪಾಯಜಾಮಾ ಏಕೆ ಹಾಕಿಕೊಂಡಳು, ಯಾರದ್ದು ಹಾಕಿಕೊಂಡಳು ಎಂದು ಕೇಳುವಷ್ಟು ತಾಳ್ಮೆ ನನಗೆಲ್ಲಿಯದು. ಪೆಟ್ಟಿಗೆಯಿಂದ ಖಡಕ್ ಇಸ್ತ್ರಿಯ ಜೋಡಿ ತೆಗೆದೆ, ಒಂದನ್ನು ತೊಟ್ಟೆ, ಒಂದನ್ನು ಚೀಲಕ್ಕೆ ಹಾಕಿದೆ.

"ಎರಡ ತುತ್ತ ತಿಂದ ಹೋಗ್ರಿ. ಜಗಳಾ ಮಾಡಾಕೂ ಮೈಯಾಗ ತ್ರಾಣ ಬೇಕಲ್ಲ" ಎಂದಳು ಪದ್ಮವ್ವ. ನಾನು ಕೇಳಲಿಲ್ಲ. ಹೊರಗೆ ಬಂದರೆ ಬಸ್ಸು ಆಗಲೇ ಹೋಗಿತ್ತು. ಮುಂದಿನದಕ್ಕೆ ಒಂದು ತಾಸು ನಿಂತು ಕಾಯುವ ಹೊತ್ತಿಗೆ ನನ್ನ ಸಿಟ್ಟು ಚೆನ್ನಾಗಿ ಕುದಿದಿತ್ತು.

ಕಾಲೇಜಿನ ಗೇಟಿಗೇ ಒಂದು ಕಾಗದ ಅಂಟಿಸಿದ್ದರು: 'ಪೈಜಾಮಾ ಧರಿಸಿದವರಿಗೆ ಪ್ರವೇಶವಿಲ್ಲ.' ಗೇಟ್ ಕಾಯುವ ಜಟ್ಟೆಪ್ಪ ನನ್ನನ್ನು ನೋಡಿ, "ಬರ್ರಿ ಯಜಮಾನ್ರ" ಎಂದು ಗೇಟ್ ತೆರೆದ.

"ಹ್ಯಾಂಗ ಬರಲೋ? ನನಗೂ ಪ್ರವೇಶ ಇಲ್ಲಲ್ಲ. ಹೋಗು, ನಿಮ್ಮ ಪ್ರಿನ್ಸಿಪಾಲರನ್ನ ಇಲ್ಲಿಗೇ ಕರಿ."

ಅವನು ಒಮ್ಮೆ ಕಾಗದ ನೋಡಿದ, ಒಮ್ಮೆ ನನ್ನ ಕಾಲು ನೋಡಿದ, ಒಳಗೆ ಓಡಿದ. ಪ್ರಿನ್ಸಿಪಾಲ್ ಶೈಲಜಾ ಮೇಡಮ್ ತಾವೇ ಗೇಟಿಗೆ ಬಂದರು. ಕಾಟನ್ ಸೀರೆ, ಕನ್ನಡಕ, ಮುಖದಲ್ಲಿ ಗಾಂಭೀರ್ಯ. ನನ್ನ ವೇಷ ಕಂಡು ಕೈಮುಗಿದರು.

"ಅಯ್ಯ, ಇದು ನಿಮ್ಮಂಥವ್ರಿಗೆ ಬರದದ್ದಲ್ಲರಿ ಅಜ್ಜಾರ. ಖಡಕ್ ಇಸ್ತ್ರಿ ಮಾಡಿದ ಬಿಳಿ ಪಾಯಜಾಮಾ ಅಂದ್ರ ಮರ್ಯಾದಿ ಅರಿವಿ. ಅದಕ್ಕ ನಾವ್ಯಾಕ ಬ್ಯಾಡ ಅನ್ನೂಣು? ಬರ್ರಿ, ಒಳಗ ಕುಂದರ್ರಿ."

"ಮತ್ತ ನನ್ನ ಮೊಮ್ಮಗಳನ್ನ ಯಾಕ ಹೊರಗ ಹಾಕೀರಿ?"

"ಅಕಿ ಏನ ಹಾಕ್ಕೊಂಡಾಳ ನೀವ ನೋಡ್ರಲ್ಲ."

ಬೇವಿನ ಗಿಡದ ಕೆಳಗಿಂದ ಪ್ರಣಿತಾ ಎದ್ದು ಬಂದಳು. ಮೇಲೆ ಉದ್ದನೆಯ ಕಪ್ಪು ಟಾಪು. ಕೆಳಗೆ ಗುಲಾಬಿ ಬಣ್ಣದ ದೊಗಳೆ ಪ್ಯಾಂಟು, ಹಾಸಿಗೆಯಿಂದ ಈಗ ತಾನೇ ಎದ್ದಷ್ಟು ಮುದುಡಿತ್ತು. ಅದರ ತುಂಬ ಬೆಕ್ಕುಗಳು. ಒಂದು ಬೆಕ್ಕು ಮೊಣಕಾಲ ಮೇಲೆ ಆಕಳಿಸುತ್ತಿತ್ತು.

"ಇದೇನವ್ವ ಇದು? ಇದ ಪಾಯಜಾಮಾ?"

"ಅಂಗಡ್ಯಾಗ ಹಂಗ ಅಂತಾರ ಅಜ್ಜಾ. ಬಸ್ಸಿನ್ಯಾಗ ಆರಾಮ ಆಕ್ಕೈತಿ. ಎಲ್ಲಾರೂ ಹಾಕ್ಕೋತಾರ, ಇವತ್ತ ನಾ ಸಿಕ್ಕೆ." ಆಮೇಲೆ ನನ್ನ ಕಿವಿಯ ಹತ್ತಿರ ಬಂದು, "ನೈಟ್ ಪ್ಯಾಂಟ್ ಅಂದಿದ್ರ ನೀ ಬರತಿದ್ದೇನ?" ಎಂದಳು.

ಬರುತ್ತಿರಲಿಲ್ಲ. ಈ ಹುಡುಗಿಗೆ ನನ್ನ ನರ ಎಲ್ಲಿದೆ ಎಂದು ಚೆನ್ನಾಗಿ ಗೊತ್ತು.

"ಈಗ ಮನಿಗಿ ಕರಕೊಂಡ ಹೋಗ್ರಿ. ಬ್ಯಾರೆ ಅರಿವಿ ಹಾಕ್ಕೊಂಡ ನಾಳೆ ಬರ್ಲಿ" ಎಂದರು ಮೇಡಮ್.

"ಟೆಸ್ಟ್?"

"ನಿಯಮ ಅಂದ್ರ ನಿಯಮರಿ. ಎಲ್ಲಾರಿಗೂ ಒಂದ."

ಜಟ್ಟೆಪ್ಪನ ಕೋಣೆಯ ಗೋಡೆ ಗಡಿಯಾರದಲ್ಲಿ ಹನ್ನೆರಡಕ್ಕೆ ಇಪ್ಪತ್ತು ನಿಮಿಷವಿತ್ತು. ಹೂಲಿಗೆ ಹೋಗಿ ಬರಲು ಸಾಧ್ಯವಿಲ್ಲ. ನಿಜ ಹೇಳುತ್ತೇನೆ, ಆ ಬೆಕ್ಕುಗಳನ್ನು ಕಂಡು ನನಗೂ ನಾಚಿಕೆಯಾಗಿತ್ತು. ಮೇಡಮ್ ಹೇಳುವುದರಲ್ಲಿ ತಪ್ಪಿಲ್ಲ ಎಂದೂ ಅನಿಸಿತ್ತು. ಆದರೆ 'ಮನಿಗಿ ಹೋಗು, ಬ್ಯಾರೆ ಹಾಕ್ಕೊಂಡ ಬಾ' ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಆ ಹಳೆಯ ಬಾಗಿಲು ಕಣ್ಣೆದುರಿಗೆ ಬಂತು. ಹಾಗೆ ಮನೆಗೆ ಹೋದವನು ಐವತ್ತೈದು ವರ್ಷವಾದರೂ ತಿರುಗಿ ಬಂದಿಲ್ಲ. ನಾನು ಚೀಲಕ್ಕೆ ಕೈ ಹಾಕಿದೆ.

"ಮೇಡಮ್ಮರ, ಈಗಷ್ಟ ಏನಂದ್ರಿ? ಖಡಕ್ ಇಸ್ತ್ರಿ ಮಾಡಿದ ಬಿಳಿ ಪಾಯಜಾಮಾ ಮರ್ಯಾದಿ ಅರಿವಿ, ಬ್ಯಾಡ ಅನ್ನೂದಿಲ್ಲ ಅಂದ್ರಿ, ಹೌದಿಲ್ಲೋ? ಜಟ್ಟೆಪ್ಪ ಸಾಕ್ಷಿ ಅದಾನ."

ಜಟ್ಟೆಪ್ಪ ತಕ್ಷಣ ಬೇವಿನ ಗಿಡದ ತುದಿ ನೋಡತೊಡಗಿದ. ಮೇಡಮ್ ನನ್ನ ಕೈಯಲ್ಲಿದ್ದ ಪಾಯಜಾಮಾ ನೋಡಿದರು. ಮಡಿಕೆ ಒಂದಿಷ್ಟೂ ಕೆಟ್ಟಿರಲಿಲ್ಲ. ಬಹಳ ಹೊತ್ತು ಬಿಗಿಹಿಡಿದಿದ್ದ ಮುಖವನ್ನು ಕೊನೆಗೆ ಸಡಿಲಿಸಿ ನಕ್ಕರು.

"ಅಜ್ಜಾರ, ನೀವು ವಕೀಲ ಆಗಬೇಕಿತ್ತು ನೋಡ್ರಿ."

"ಎಂಟನೇ ಇಯತ್ತೆ ಒಳಗ ಬಿಟ್ಟಿದ್ರ ಆಗತಿದ್ದೆರಿ" ಎಂದೆ.

ಅವರ ನಗು ನಿಂತಿತು. "ಲಗೂನ ಹಾಕ್ಕೊಂಡ ಬಾ" ಎಂದು ಪ್ರಣಿತಾಳಿಗೆ ಹೆಣ್ಣುಮಕ್ಕಳ ಕೋಣೆ ತೋರಿಸಿದರು.

ಐದು ನಿಮಿಷಕ್ಕೆ ಹೊರಗೆ ಬಂದಳು. ಕೆಳಗೆ ಎರಡು ಸುತ್ತು ಮಡಚಿದ್ದಳು, ಲಾಡಿಯನ್ನು ನಡುವಿಗೆ ಎರಡು ಸುತ್ತು ಬಿಗಿದಿದ್ದಳು. ಗಂಜಿ ಹಾಕಿದ ಬಟ್ಟೆ ಹೆಜ್ಜೆಗೊಮ್ಮೆ ಪರಪರ ಎನ್ನುತ್ತಿತ್ತು. ಗೆಳತಿಯರು ಬಾಯಿಗೆ ಕೈ ಹಿಡಿದು ಮುಸಿಮುಸಿ ನಕ್ಕರು. ಅವಳು ತಲೆ ತಗ್ಗಿಸಲಿಲ್ಲ, ದೇಸಾಯರ ಮನೆಯವಳ ಹಾಗೆ ಎದೆಯೆತ್ತಿ ನಡೆದಳು. ಪರೀಕ್ಷೆಯ ಕೋಣೆಯ ಹೊಸ್ತಿಲನ್ನು ಅವಳ ಕಾಲು ದಾಟಿತು, ಜೊತೆಗೆ ನನ್ನ ಪಾಯಜಾಮಾವೂ ದಾಟಿತು. ನನಗೆ ಕಣ್ಣು ತುಂಬಿ ಬಂತು. ಅಷ್ಟು ಹೆಮ್ಮೆ ನನ್ನ ಮದುವೆಯ ದಿನವೂ ಆಗಿರಲಿಲ್ಲ. ಇದನ್ನು ಪದ್ಮವ್ವನ ಮುಂದೆ ಹೇಳುವ ಹಾಗಿಲ್ಲ.

ಒಂದು ಗಂಟೆಗೆ ಹೊರಬಂದವಳು ಎಡಗೈಯನ್ನು ಮೊಣಕಾಲಿಗೆ ಮುಚ್ಚಿಕೊಂಡು ಕುಂಟುವವಳಂತೆ ನಡೆದಳು. ಕೈ ತೆಗೆಸಿ ನೋಡಿದರೆ, ಬಿಳಿಯ ಮೇಲೆ ನೆಲ್ಲಿಕಾಯಿಯಷ್ಟು ದೊಡ್ಡ ನೀಲಿ ಮಸಿ.

"ಪೆನ್ ಸೋರಿತ ಅಜ್ಜಾ. ಬೈಬ್ಯಾಡ."

"ಎಷ್ಟ ಬರದಿ?"

"ಎಲ್ಲಾ ಬರದೆ."

"ಹಂಗಾರ ನಡಿ, ಊಟಾ ಮಾಡೂಣು. ಆ ಬೆಕ್ಕಿನ ಪ್ಯಾಂಟ್ ಮನ್ಯಾಗಷ್ಟ ಹಾಕ್ಕೋಬೇಕ ಮತ್ತ" ಎಂದೆ. ಹೂಂ ಎಂದಳು.

ಮನೆಗೆ ಬಂದ ಕೂಡಲೇ ಪದ್ಮವ್ವ ನಿಂಬೆಹಣ್ಣು, ಉಪ್ಪು ಹಿಡಿದು ಮಸಿ ತಿಕ್ಕಲು ಕುಳಿತಳು. ನಾನು ಅವಳ ಕೈಯಿಂದ ಪಾಯಜಾಮಾ ಕಸಿದುಕೊಂಡೆ. ನನಗೆ ತಲೆ ಕೆಟ್ಟಿದೆ ಎಂದಳು. ಎನ್ನಲಿ. ಈಗ ಅದಕ್ಕೆ ಮೊದಲಿನಂತೆಯೇ ಗಂಜಿ, ಮೊದಲಿನಂತೆಯೇ ಇಸ್ತ್ರಿ. ಸೋಮವಾರಕ್ಕೊಮ್ಮೆ ಅದನ್ನೇ ತೊಟ್ಟು ಕಟ್ಟೆಗೆ ಹೋಗುತ್ತೇನೆ, ಮಸಿ ಕಾಣುವ ಕಾಲನ್ನೇ ಮೇಲೆ ಹಾಕಿ ಕೂಡುತ್ತೇನೆ.

ಮೊನ್ನೆ ಪಕ್ಕದಲ್ಲಿ ಕುಳಿತವನೊಬ್ಬ, "ಮಡಿವಾಳೆಪ್ಪ, ನಿನ್ನ ಪಾಯಜಾಮಾಕ್ಕೂ ಕಲೆ ಬಿತ್ತಲ್ಲೋ" ಎಂದು ಬೆರಳು ಚಾಚಿದ.

"ಕೈ ತಗಿ" ಎಂದೆ. "ಬಿ.ಎಸ್ಸಿ. ಪರೀಕ್ಷಾ ಬರದ ಪಾಯಜಾಮಾ ಅದು."