ಸೊನ್ನೆಗೆ ಸರಿಯಾಗಿ ನಿಂತ ಮುಳ್ಳು

ನರ್ಸಮ್ಮನಿಗೆ ತನ್ನ ತಕ್ಕಡಿಯ ಮೇಲೆ ಎಲ್ಲಿಲ್ಲದ ನಂಬಿಕೆ. ಕೂಸುಗಳನ್ನು ಬಟ್ಟೆಯ ಜೋಳಿಗೆಯಲ್ಲಿಟ್ಟು ತೂಗುವ ಆ ಸ್ಪ್ರಿಂಗ್ ತಕ್ಕಡಿ ಮೂರು ತಿಂಗಳ ಹಿಂದೆ ಹೊಸ ಸ್ಪ್ರಿಂಗ್ ಹಾಕಿಸಿಕೊಂಡು ರಿಪೇರಿಯಿಂದ ಬಂದಿತ್ತು. ದಿನಾ ಬೆಳಿಗ್ಗೆ ಖಾಲಿ ಜೋಳಿಗೆ ನೇತುಹಾಕಿ, ಮುಳ್ಳು ಸೊನ್ನೆಗೆ ನಿಂತಿದೆಯೇ ಎಂದು ನೋಡದೆ ಆಕೆ ಕೆಲಸ ಶುರು ಮಾಡಿದವಳೇ ಅಲ್ಲ. ರಿಪೇರಿಯಾದ ಮೇಲೆ ತೂಕ ಸಾಲದ ಒಂದು ಮಗುವೂ ಸಿಕ್ಕಿರಲಿಲ್ಲ. ಸೊರಗಿದ ಕೂಸುಗಳ ತಾಯಂದಿರಿಗೆಂದು ಬಂದ ಹಿಟ್ಟಿನ ಪೊಟ್ಟಣಗಳು ಬೀರುವಿನಲ್ಲಿ ಹಾಗೇ ಕೂತಿದ್ದವು. ಎಲ್ಲ ತನ್ನ ದುಡಿಮೆಯ ಫಲವೆಂದು ಆಕೆ ಒಳಗೊಳಗೇ ಬೀಗುತ್ತಿದ್ದಳು, ಪಾಪ.

ಅಂದು ಶಾಲೆ ಮುಗಿಸಿ ಆರೋಗ್ಯ ಕೇಂದ್ರಕ್ಕೇ ಬಂದ ಮಗಳು ಬೀಜಗಣಿತದ ಪುಸ್ತಕ ಬಿಚ್ಚಿದಳು.

"ಅಮ್ಮಾ, ನೇರ ಅನುಪಾತಕ್ಕೆ ಒಂದು ಉದಾಹರಣೆ ಬೇಕು. ಒಂದು ಎಷ್ಟು ಪಟ್ಟಾದ್ರೆ ಇನ್ನೊಂದೂ ಅಷ್ಟೇ ಪಟ್ಟಾಗ್ಬೇಕು. ನಿನ್ನ ತಕ್ಕಡಿ ಕೊಡ್ತೀಯಾ?"

"ಮುರಿದುಗಿರಿದೀಯ, ಜೋಕೆ."

ಮಗಳು ಒಂದು ಕಿಲೋದ ಹಿಟ್ಟಿನ ಪೊಟ್ಟಣ ತೂಗಿದಳು. ಮುಳ್ಳು ಒಂದೂಕಾಲಿಗೆ ನಿಂತಿತು. ಎರಡು ಪೊಟ್ಟಣಕ್ಕೆ ಎರಡೂವರೆ. ನಾಲ್ಕಕ್ಕೆ ಸರಿಯಾಗಿ ಐದು.

"ನೋಡಮ್ಮಾ, ಮುಳ್ಳು ತೋರಿಸಿದ್ದನ್ನ ಪೊಟ್ಟಣದ ತೂಕದಿಂದ ಭಾಗಿಸಿದ್ರೆ ಪ್ರತಿ ಸಲಾನೂ ಒಂದೂಕಾಲೇ! ಅದೇ ಸ್ಥಿರಾಂಕ."

"ಸರಿಯಾಗಿ ನೋಡೇ. ಬೆಳಿಗ್ಗೆ ಖಾಲಿ ಇದ್ದಾಗ ಸೊನ್ನೆಗೇ ನಿಂತಿತ್ತು."

"ಸೊನ್ನೇನ ಯಾವುದ್ರಿಂದ ಗುಣಿಸಿದ್ರೂ ಸೊನ್ನೇನೇ ಅಲ್ವೇನಮ್ಮಾ?"

ನರ್ಸಮ್ಮ ತೂಕದ ರಿಜಿಸ್ಟರನ್ನು ಎಳೆದುಕೊಂಡಳು. ಹೋದ ವಾರ ನಾಲ್ಕು ತಿಂಗಳ ಹೆಣ್ಣು ಕೂಸನ್ನು ತಂದಿದ್ದ ತಾಯಿಯ ಮುಖ ಕಣ್ಣಿಗೆ ಕಟ್ಟಿತು. "ಎತ್ಕೊಂಡ್ರೆ ಕೈಗೆ ಭಾರಾನೇ ಹತ್ತಲ್ಲ ನರ್ಸಮ್ಮಾ," ಎಂದಿದ್ದಳು ಆಕೆ. "ತಕ್ಕಡಿಗಿಂತ ನಿನ್ನ ಕೈಗೆ ಜಾಸ್ತಿ ಗೊತ್ತಾ?" ಎಂದು ರೇಗಿ ಬಾಯಿ ಮುಚ್ಚಿಸಿದ್ದು ತಾನೇ. ರಿಜಿಸ್ಟರಿನಲ್ಲಿ ಐದು ಕಿಲೋ ಎಂದಿತ್ತು. ಮಗಳ ಪೆನ್ಸಿಲ್ ಕಿತ್ತುಕೊಂಡು ಒಂದೂಕಾಲರಿಂದ ಭಾಗಿಸಿದಳು. ನಾಲ್ಕು. ಆ ವಯಸ್ಸಿಗೆ ಅದು ಆಸ್ಪತ್ರೆಗೆ ಓಡಬೇಕಾದ ತೂಕ. ಅದೇ ಪುಟದಲ್ಲಿ ಇನ್ನೂ ಇಪ್ಪತ್ತು ಹೆಸರುಗಳಿದ್ದವು.

"ಎಲ್ಲಾನೂ ಭಾಗಿಸಿಡು," ಎಂದು ಮಗಳಿಗೆ ಹೇಳಿ ಎದ್ದುಬಿದ್ದು ಓಡಿದಳು.

ಬಾಗಿಲು ತೆರೆದ ತಾಯಿಯ ತೋಳಿನಿಂದ ಕೂಸನ್ನು ಎತ್ತಿಕೊಂಡಳು. ಕೈಗೆ ಭಾರವೇ ಹತ್ತಲಿಲ್ಲ.

"ನಿನ್ನ ಕೈ ಹೇಳಿದ್ದೇ ಸರಿ ಕಣಮ್ಮಾ. ನನ್ನ ತಕ್ಕಡಿ ತಪ್ಪು. ನಡಿ, ಈಗ್ಲೇ ದೊಡ್ಡಾಸ್ಪತ್ರೆಗೆ ಹೋಗೋಣ."

ತಾಯಿ ಕೂಗಾಡಲಿಲ್ಲ. ಚಪ್ಪಲಿ ಮೆಟ್ಟುತ್ತಾ ಒಂದೇ ಮಾತು ಕೇಳಿದಳು:

"ಅವತ್ತು ಒಂದ್ಸಲ ನೀವೇ ಎತ್ಕೊಂಡು ನೋಡಿದ್ರೆ ಆಗ್ತಿರ್ಲಿಲ್ವಾ ನರ್ಸಮ್ಮಾ?"